ಐದು ತಿಂಗಳ ಮೊದಲೋ, ಶುಕ್ರವಾರ ಸಂಜೆಯೋ? ಕ್ಯಾಲಿಫೋರ್ನಿಯಾದಲ್ಲಿ ಟೆಂಟ್ ಹಾಕುವ ಮುನ್ನ

ಫೆಬ್ರುವರಿ 15ರ ಬೆಳಿಗ್ಗೆ ಆರೂ ಮುಕ್ಕಾಲು. ಊಟದ ಮೇಜಿನ ಮೇಲೆ ಎರಡು ಲ್ಯಾಪ್‌ಟಾಪ್. ಒಂದರ ಮುಂದೆ ನಾನು, ಇನ್ನೊಂದರ ಮುಂದೆ ನನ್ನ ಹೆಂಡತಿ. ಮೈಸೂರಿನಲ್ಲಿ ಆಗ ರಾತ್ರಿ ಎಂಟೂ ಕಾಲು. ಊಟ ಮುಗಿಸಿ ಕೂತಿದ್ದ ಅಮ್ಮನಿಂದ ವಾಟ್ಸ್ಆ್ಯಪ್ ಸಂದೇಶ ಬಂತು: 'ಸಿಕ್ತೇನೋ?' ಇನ್ನೂ ಬುಕಿಂಗ್ ತೆರೆದೇ ಇರಲಿಲ್ಲ. ಏಳಕ್ಕೆ ಸರಿಯಾಗಿ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಕಣಿವೆಯ ಕ್ಯಾಂಪ್‌ಗ್ರೌಂಡುಗಳಲ್ಲಿ ಜೂನ್ 15ರಿಂದ ಜುಲೈ 14ರವರೆಗಿನ ಜಾಗಗಳು ತೆರೆದುಕೊಂಡವು. ಕಾಫಿ ಆರುವಷ್ಟರಲ್ಲಿ ಬಹುತೇಕ ಖಾಲಿಯಾದವು. ನಮಗೆ ಒಂದು ಸಿಕ್ಕಿತು.

ಇದೇ ನಾವು ಅದಕ್ಕೂ ಹಿಂದಿನ ವರ್ಷ ಏನನ್ನೂ ಕಾಯ್ದಿರಿಸದೆ, ಆಗಸ್ಟ್‌ನ ಒಂದು ಶುಕ್ರವಾರ ಆಫೀಸು ಮುಗಿಸಿ ಸಿಯೆರಾ ಪರ್ವತಗಳ ಆಚೆ ಬದಿಗೆ ಹೊರಟುಬಿಟ್ಟಿದ್ದೆವು. ರಾತ್ರಿ ಹತ್ತರ ಹೊತ್ತಿಗೆ ನಾಲ್ಕು ಕ್ಯಾಂಪ್‌ಗ್ರೌಂಡುಗಳ ಬಾಗಿಲಲ್ಲಿ 'ಭರ್ತಿ' ಎಂಬ ಹಲಗೆ ನೋಡಿ ಆಗಿತ್ತು. ಹಿಂದಿನ ಸೀಟಿನಲ್ಲಿ ಮಗಳು ಅತ್ತು ಅತ್ತು ನಿದ್ದೆ ಹೋಗಿದ್ದಳು. ಕೊನೆಗೆ ಒಂದು ಮಣ್ಣಿನ ದಾರಿ ಹಿಡಿದು ಕಾಡಿನೊಳಗೆ ಟೆಂಟ್ ಹಾಕಿದೆವು. ಬೆಳಿಗ್ಗೆ ಎದ್ದರೆ ಎದುರಿಗೆ ಹಿಮದ ಶಿಖರಗಳು, ಸುತ್ತ ಒಂದು ನರಪಿಳ್ಳೆ ಇಲ್ಲ. ಅಷ್ಟು ಚೆಂದದ ಬೆಳಗನ್ನು ಯಾವ ಕಾಯ್ದಿರಿಸಿದ ಜಾಗವೂ ನನಗೆ ಕೊಟ್ಟಿಲ್ಲ. ಆದರೂ ಹಿಂದಿನ ರಾತ್ರಿಯ ಆ ಮೂರು ಗಂಟೆ ಇನ್ನೊಮ್ಮೆ ಬೇಡ.

ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಲ್ಲಿರುವ ನಮ್ಮ ಕನ್ನಡದ ಗೆಳೆಯರಲ್ಲಿ ಎರಡು ಪಂಗಡ. ಎಲ್ಲ ಮೊದಲೇ ಗೊತ್ತುಮಾಡಿಕೊಳ್ಳುವವರು, ಮತ್ತು ಹೊರಟ ಮೇಲೆ ನೋಡೋಣ ಎನ್ನುವವರು. ಸ್ವಭಾವ ಹೇಗೇ ಇರಲಿ, ಇದನ್ನು ತೀರ್ಮಾನಿಸಬೇಕಾದದ್ದು ಜೊತೆಗೆ ಬರುವವರು, ಹೋಗುವ ಜಾಗ ಮತ್ತು ಉಳಿಯುವ ರಾತ್ರಿ ಎಂಬುದು ನನ್ನ ಅನುಭವ.

ಮೊದಲು, ಜೊತೆಗೆ ಯಾರು ಎಂದು ನೋಡಿ

ಊರಿಂದ ಅಪ್ಪ ಅಮ್ಮ ಬಂದಿದ್ದರೆ ಬೇರೆ ಯೋಚನೆಯೇ ಬೇಡ, ಕಾಯ್ದಿರಿಸಿ. ನನ್ನ ಅಪ್ಪನಿಗೆ ರಾತ್ರಿ ಎರಡು ಸಲವಾದರೂ ಏಳಬೇಕು. ಕತ್ತಲಲ್ಲಿ, ಬೇರುಗಳ ನಡುವೆ, ಟಾರ್ಚ್ ಹಿಡಿದು ಇನ್ನೂರು ಹೆಜ್ಜೆ ನಡೆಸುವುದು ತಪ್ಪು. ಶೌಚಾಲಯಕ್ಕೆ ಹತ್ತಿರವಿರುವ, ನೆಲ ಸಮವಾಗಿರುವ, ಮಧ್ಯಾಹ್ನ ನೆರಳು ಬೀಳುವ ಜಾಗ ಬೇಕಾದರೆ ಅದನ್ನು ನಕ್ಷೆ ನೋಡಿ ಆರಿಸಬೇಕು. ಹೊರಟ ಮೇಲೆ ಸಿಗುವ ಜಾಗದಲ್ಲಿ ಈ ಆಯ್ಕೆ ಇರುವುದಿಲ್ಲ. ಪುಟ್ಟ ಮಕ್ಕಳಿದ್ದರೂ ಇದೇ ಮಾತು.

ಗಂಡ ಹೆಂಡತಿ ಇಬ್ಬರೇ, ಅಥವಾ ಗಟ್ಟಿಮುಟ್ಟಾದ ಗೆಳೆಯರು ಮಾತ್ರ ಎಂದಾದರೆ ಸಡಿಲವಾಗಿ ಯೋಚಿಸಬಹುದು.

ಜಾಗ ಮತ್ತು ವಾರ

ಯೊಸೆಮಿಟಿ ಕಣಿವೆಗೆ ಬೇಸಿಗೆಯಲ್ಲಿ ಬುಕಿಂಗ್ ಇಲ್ಲದೆ ರಾತ್ರಿ ಉಳಿಯಲು ಹೋಗಬೇಡಿ. ಉದ್ಯಾನದೊಳಗೆ ಗೊತ್ತುಮಾಡಿದ ಜಾಗ ಬಿಟ್ಟು ಬೇರೆಲ್ಲೂ ಕಾರಿನಲ್ಲಿ ಮಲಗುವಂತಿಲ್ಲ, ರೇಂಜರ್ ಬಂದು ಎಬ್ಬಿಸುತ್ತಾರೆ. ಸಮುದ್ರತೀರದ ರಾಜ್ಯ ಉದ್ಯಾನಗಳೂ ಹೀಗೆಯೇ. ಅವುಗಳ ಬುಕಿಂಗ್ ಆರು ತಿಂಗಳ ಮೊದಲು, ಬೆಳಿಗ್ಗೆ 8ಕ್ಕೆ ತೆರೆಯುತ್ತದೆ.

ಭಾನುವಾರದಿಂದ ಗುರುವಾರದವರೆಗಿನ ರಾತ್ರಿಗಳ ಲೆಕ್ಕವೇ ಬೇರೆ, ಶುಕ್ರವಾರ ಶನಿವಾರದ್ದೇ ಬೇರೆ. ಮೇ ಕೊನೆಯ ಮೆಮೋರಿಯಲ್ ಡೇ, ಜುಲೈ 4, ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ, ಈ ಮೂರು ರಜೆಗಳಲ್ಲಿ ಅದೃಷ್ಟವನ್ನು ನಂಬಿ ಹೊರಡಬೇಡಿ.

ಕಾಯ್ದಿರಿಸುವ ಬೆಳಿಗ್ಗೆ

ಯೊಸೆಮಿಟಿಯ ಹೆಚ್ಚಿನ ಕ್ಯಾಂಪ್‌ಗ್ರೌಂಡುಗಳು 'ರಿಕ್ರಿಯೇಶನ್ ಡಾಟ್ ಗವ್' ತಾಣದಲ್ಲಿ ಪ್ರತಿ ತಿಂಗಳ 15ಕ್ಕೆ, ಹೆಚ್ಚೆಂದರೆ ಐದು ತಿಂಗಳ ಮುಂಚಿತವಾಗಿ, ಒಂದು ತಿಂಗಳ ಕಂತಿನಂತೆ ತೆರೆಯುತ್ತವೆ. ಮಾರ್ಚ್ 15ಕ್ಕೆ ಜುಲೈ 15ರಿಂದ ಮುಂದಿನ ಒಂದು ತಿಂಗಳದ್ದು, ಏಪ್ರಿಲ್ 15ಕ್ಕೆ ಆಗಸ್ಟ್ 15ರಿಂದ ಮುಂದಿನದ್ದು.

ಹಿಂದಿನ ರಾತ್ರಿಯೇ ಕ್ಯಾಂಪ್‌ಗ್ರೌಂಡಿನ ನಕ್ಷೆ ತೆರೆದು ನಿಮಗಾಗುವ ಹತ್ತು ಸೈಟುಗಳ, ಅಂದರೆ ಟೆಂಟ್ ಹಾಕುವ ಜಾಗಗಳ, ಸಂಖ್ಯೆಯನ್ನು ಕಾಗದದ ಮೇಲೆ ಬರೆದುಕೊಳ್ಳಿ. ಒಂದೇ ಸಂಖ್ಯೆಗೆ ಅಂಟಿಕೊಂಡವರಿಗೆ ಅದೂ ಸಿಗುವುದಿಲ್ಲ, ಪಕ್ಕದ್ದೂ ಸಿಗುವುದಿಲ್ಲ. ಏಳಕ್ಕೆ ಹದಿನೈದು ನಿಮಿಷ ಮೊದಲೇ ಲಾಗಿನ್ ಆಗಿ, ಕಾರ್ಡಿನ ವಿವರ ತುಂಬಿಟ್ಟಿರಿ. ದಿನಾಂಕ ಹಾಕುವಾಗ ವಾರದ ನಡುವಿನಿಂದ ಶುರುಮಾಡಿ: ಶುಕ್ರವಾರದಿಂದ ಭಾನುವಾರ ಎಂದು ಎಲ್ಲರೂ ಹುಡುಕುತ್ತಿರುವಾಗ ಬುಧವಾರದಿಂದ ಶುಕ್ರವಾರ ಎಂದವರಿಗೆ ಸಿಗುವ ಸಂಭವ ಹೆಚ್ಚು. ಸೈಟ್ ನಿಮ್ಮ ಬುಟ್ಟಿಗೆ ಬಿದ್ದರೆ ಉಸಿರು ಬಿಡಿ, ಹಣ ಕಟ್ಟಲು ಹದಿನೈದು ನಿಮಿಷ ಸಮಯವಿರುತ್ತದೆ.

ಒಂದು ಸೈಟಿಗೆ ಆರು ಜನ, ಎರಡು ಕಾರು. ಮಕ್ಕಳೂ ಆ ಆರರಲ್ಲೇ ಸೇರಿದರು. ಮೂರು ಕುಟುಂಬ ಕೂಡಿ ಹೋಗುವುದಾದರೆ ಒಬ್ಬೊಬ್ಬರು ಒಂದೊಂದು ಸೈಟ್ ಹಿಡಿಯಲು ಕೂರಬೇಕು. ಬುಕ್ ಮಾಡಿದವರೇ ಗುರುತಿನ ಚೀಟಿ ಹಿಡಿದು ಬರಬೇಕಾಗುತ್ತದೆ. ಹಾಗಾಗಿ ಬರದೇ ಇರುವ ಗೆಳೆಯನ ಹೆಸರಿನಲ್ಲಿ ಹಿಡಿಯಬೇಡಿ.

ಸಿಗಲಿಲ್ಲವೇ? ಮಧ್ಯದ ದಾರಿ ಇದೆ

ರದ್ದು ಮಾಡಲು 10 ಡಾಲರ್ ಶುಲ್ಕ. ಆದರೆ ಅಲ್ಲಿಗೆ ತಲುಪಬೇಕಾದ ದಿನ ಅಥವಾ ಅದರ ಹಿಂದಿನ ದಿನ ರದ್ದು ಮಾಡಿದರೆ ಮೊದಲ ರಾತ್ರಿಯ ಹಣವೂ ಹೋಗುತ್ತದೆ. ಅದಕ್ಕೇ ಹಿಂಜರಿಯುತ್ತಿದ್ದವರು ಎರಡು ಮೂರು ದಿನ ಇರುವಾಗ ಕೈಬಿಡುತ್ತಾರೆ. ಆ ದಿನಗಳಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಮಲಗುವ ಮುಂಚೆ ಒಮ್ಮೊಮ್ಮೆ ನೋಡಿ. ಜಾಗ ತೆರವಾದರೆ ತಿಳಿಸುವ ವ್ಯವಸ್ಥೆಯೂ ಆ ತಾಣದಲ್ಲೇ ಇದೆ. ಟೆಂಟ್ ಮಾತ್ರ ಇರುವವರಿಗೆ ಕಣಿವೆಯ 'ಕ್ಯಾಂಪ್ 4' ಇದೆ, ಬೇಸಿಗೆಯಲ್ಲಿ ಅದರ ಬುಕಿಂಗ್ ಒಂದೇ ವಾರ ಮೊದಲು ತೆರೆಯುತ್ತದೆ. ಬಂಡೆ ಹತ್ತುವವರ ಹಳೆಯ ಅಡ್ಡೆ ಅದು. ಅಪರಿಚಿತರ ಜೊತೆ ಜಾಗ ಹಂಚಿಕೊಳ್ಳಬೇಕು, ಅಷ್ಟೇ.

ಸುಮ್ಮನೆ ಹೊರಡುವವರಿಗೆ

ಸುಮ್ಮನೆ ಹೊರಡಲೂ ಸಿದ್ಧತೆ ಬೇಕು. ಮೊದಲು ಬಂದವರಿಗೆ ಆದ್ಯತೆ ಕೊಡುವ ಕ್ಯಾಂಪ್‌ಗ್ರೌಂಡುಗಳು ರಾಷ್ಟ್ರೀಯ ಅರಣ್ಯಗಳಲ್ಲಿ ಇಂದಿಗೂ ಇವೆ. ಯೊಸೆಮಿಟಿಯ ಪೂರ್ವಕ್ಕಿರುವ ಇನ್ಯೋ ಅರಣ್ಯ, ಪಶ್ಚಿಮದ ಸ್ಟ್ಯಾನಿಸ್ಲಾಸ್ ಎರಡೂ ನನ್ನ ಮೆಚ್ಚಿನವು. ಪೂರ್ವಕ್ಕೆ ದಾಟಿಸುವ ಟಯೋಗಾ ರಸ್ತೆ ಸಾಮಾನ್ಯವಾಗಿ ನವೆಂಬರಿನಿಂದ ಮೇ ಕೊನೆ ಅಥವಾ ಜೂನ್‌ವರೆಗೆ ಹಿಮದಿಂದ ಮುಚ್ಚಿರುತ್ತದೆ, ನೆನಪಿರಲಿ.

ಇಂಥ ಕಡೆ ಶುಕ್ರವಾರ ರಾತ್ರಿ ಹೋಗಬೇಡಿ. ಗುರುವಾರ ಬೆಳಿಗ್ಗೆ ಹತ್ತು ಹನ್ನೊಂದಕ್ಕೆ ಹೋಗಿ. ಕಾರು ನಿಧಾನಕ್ಕೆ ಓಡಿಸುತ್ತಾ ಒಂದು ಸುತ್ತು ಬನ್ನಿ. ಪ್ರತಿ ಸೈಟಿನ ಮುಂದೆ ಮೊಣಕಾಲೆತ್ತರದ ಮರದ ಕಂಬ, ಅದಕ್ಕೆ ಸಿಕ್ಕಿಸಿದ ಒಂದು ಚೀಟಿ. ಇಳಿದು ಓದಿ, ಅಲ್ಲಿರುವವರು ಹೊರಡುವ ದಿನ ಅದರಲ್ಲಿರುತ್ತದೆ. ಇವತ್ತಿನ ತಾರೀಖಿದ್ದು, ಟೆಂಟ್ ಮಡಚುತ್ತಿದ್ದರೆ ಹತ್ತಿರ ಹೋಗಿ ಮಾತಾಡಿಸಿ. ಯಾರೂ ಬೇಸರ ಮಾಡಿಕೊಂಡಿದ್ದನ್ನು ನಾನು ನೋಡಿಲ್ಲ. ಒಬ್ಬ ಅಜ್ಜಿಯಂತೂ ಉಳಿದ ಸೌದೆಯನ್ನೆಲ್ಲ ನಮಗೇ ಬಿಟ್ಟುಹೋದರು. ಜಾಗ ಹಿಡಿದ ಮೇಲೆ ಬಾಗಿಲ ಬಳಿಯ ಡಬ್ಬದಿಂದ ಲಕೋಟೆ ತೆಗೆದು, ಹೆಸರು, ಕಾರಿನ ನಂಬರು ಬರೆದು, ಹಣ ಹಾಕಿ, ಚೀಟಿ ಹರಿದು ನಿಮ್ಮ ಕಂಬಕ್ಕೆ ಸಿಕ್ಕಿಸಿ. ಎಷ್ಟೋ ಕಡೆ ಫೋನಿನ ಸಿಗ್ನಲ್ಲೂ ಇಲ್ಲ, ಚಿಲ್ಲರೆ ಕೊಡುವವರೂ ಇಲ್ಲ. ಹತ್ತು, ಐದು, ಒಂದು ಡಾಲರಿನ ನೋಟುಗಳು ಜೇಬಿನಲ್ಲಿರಲಿ.

ಅದೂ ಸಿಗದಿದ್ದರೆ ಅರಣ್ಯದ ಮಣ್ಣಿನ ರಸ್ತೆಗಳ ಬದಿಯಲ್ಲಿ, ಅನುಮತಿ ಇರುವ ಕಡೆ, ಪುಕ್ಕಟೆ ಟೆಂಟ್ ಹಾಕಬಹುದು. ಯಾವ ರಸ್ತೆಯಲ್ಲಿ ವಾಹನ ಹೋಗಬಹುದು ಎಂಬ ನಕ್ಷೆಯನ್ನು ಅರಣ್ಯ ಇಲಾಖೆಯೇ ಉಚಿತವಾಗಿ ಕೊಡುತ್ತದೆ, ಮನೆಯಲ್ಲೇ ಫೋನಿಗೆ ಇಳಿಸಿಕೊಳ್ಳಿ. ಹಿಂದೆ ಯಾರೋ ಟೆಂಟ್ ಹಾಕಿದ ಗುರುತಿರುವ ಗಟ್ಟಿ ನೆಲವನ್ನೇ ಹುಡುಕಿ, ಹೊಸ ಹುಲ್ಲು ತುಳಿಯಬೇಡಿ. ತೊರೆ, ಕೆರೆಗಳಿಂದ 200 ಅಡಿ ದೂರವಿರಿ. ನೀರು, ಶೌಚಾಲಯ ಎರಡೂ ಇರುವುದಿಲ್ಲ: ತಲೆಗೆ ದಿನಕ್ಕೆ ನಾಲ್ಕು ಲೀಟರ್ ನೀರು ಮತ್ತು ಒಂದು ಪುಟ್ಟ ಸಲಿಕೆ ಒಯ್ಯಿರಿ. ಶೌಚಕ್ಕೆ ಆರರಿಂದ ಎಂಟು ಇಂಚು ಆಳದ ಗುಂಡಿ ತೋಡಿ, ಆಮೇಲೆ ಮುಚ್ಚಿ. ಕಾಗದವನ್ನು ಚೀಲದಲ್ಲಿ ವಾಪಸ್ ತನ್ನಿ.

ಬೆಂಕಿಯ ವಿಷಯದಲ್ಲಿ ಸಲಿಗೆ ಬೇಡ. ಹೀಗೆ ಕಾಡಿನಲ್ಲಿ ಉಳಿಯುವಾಗ ಗ್ಯಾಸ್ ಸ್ಟವ್ ಹಚ್ಚಲೂ ಕ್ಯಾಲಿಫೋರ್ನಿಯಾದ ಉಚಿತ ಕ್ಯಾಂಪ್‌ಫೈರ್ ಪರವಾನಗಿ ಬೇಕು. ಆನ್‌ಲೈನ್‌ನಲ್ಲಿ ಐದು ನಿಮಿಷದ ಕೆಲಸ. ಬೇಸಿಗೆಯಲ್ಲಿ ಸೌದೆಯ ಬೆಂಕಿಗೆ ಪೂರ್ತಿ ನಿಷೇಧ ಬೀಳುವುದು ಸಾಮಾನ್ಯ. ಹೊರಡುವ ದಿನ ರೇಂಜರ್ ಕಚೇರಿಗೆ ಫೋನ್ ಮಾಡಿ ಕೇಳಿ.

ಎರಡೂ ಪಂಗಡಕ್ಕೆ: ಕರಡಿ

ಯೊಸೆಮಿಟಿಯ ಪ್ರತಿ ಸೈಟಿನಲ್ಲೂ ಕಬ್ಬಿಣದ ಪೆಟ್ಟಿಗೆ ಇರುತ್ತದೆ. ವಾಸನೆ ಇರುವುದೆಲ್ಲ ಅದರೊಳಗೆ ಹೋಗಬೇಕು. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ತುಪ್ಪ ಇವು ಯಾರಿಗಾದರೂ ನೆನಪಾಗುತ್ತವೆ. ನಮ್ಮವರು ಮರೆಯುವುದು ಕೊಬ್ಬರಿ ಎಣ್ಣೆ, ಟೂತ್‌ಪೇಸ್ಟ್, ಅಮ್ಮನ ಕೈಚೀಲದ ಏಲಕ್ಕಿ, ಮಗುವಿನ ಕಾರ್ ಸೀಟಿನಲ್ಲಿ ಉದುರಿದ ಖಾರಾಬೂಂದಿ. ಕತ್ತಲಾದ ಮೇಲೆ ಕಾರಿನಲ್ಲಿ ತಿಂಡಿ ಇಡುವಂತಿಲ್ಲ, ಕರಡಿ ಬಾಗಿಲನ್ನೇ ಬಗ್ಗಿಸಿ ಕಿತ್ತುಬಿಡುತ್ತದೆ. ಮನುಷ್ಯರ ಊಟದ ರುಚಿ ಹತ್ತಿದ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗಿ ಬಂದದ್ದೂ ಉಂಟು. ನಾವು ಮರೆತ ಒಂದು ಪೊಟ್ಟಣಕ್ಕೆ ಅದು ಜೀವ ತೆರಬಾರದು.

ಹೋಗಲಾಗದಿದ್ದರೆ, ಇವತ್ತೇ ಬಿಟ್ಟುಕೊಡಿ

ಇರಲಿ ಎಂದು ನಾಲ್ಕು ವಾರಾಂತ್ಯ ಬುಕ್ ಮಾಡಿಟ್ಟು, ಮೂರನ್ನು ಹಾಗೇ ಖಾಲಿ ಬಿಡುವವರಿದ್ದಾರೆ. ಇದು ನನಗೆ ನಿಜಕ್ಕೂ ನೋವು ಕೊಡುವ ಸಂಗತಿ. ಭರ್ತಿ ಎಂಬ ಹಲಗೆ ಹಾಕಿದ ಕ್ಯಾಂಪ್‌ಗ್ರೌಂಡಿನೊಳಗೆ ರಾತ್ರಿಯೆಲ್ಲ ಖಾಲಿ ಬಿದ್ದ ಸೈಟುಗಳನ್ನು ನಾನು ಎಣಿಸಿದ್ದೇನೆ.

ಆ ಜೂನ್‌ನಲ್ಲಿ ಅಪ್ಪನ ಕಣ್ಣಿನ ಆಪರೇಷನ್ ಮುಂದಕ್ಕೆ ಹೋಗಿ, ಅವರ ಪ್ರಯಾಣವೂ ಮುಂದಕ್ಕೆ ಹೋಯಿತು. ಹನ್ನೆರಡು ದಿನ ಇರುವಾಗ, ಮಂಗಳವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ನಾನೇ ರದ್ದು ಮಾಡಿದೆ. ಸ್ವಲ್ಪ ಹೊತ್ತಿನ ಮೇಲೆ ಆ ಪುಟ ಮತ್ತೆ ತೆರೆದೆ. ನಮ್ಮ ಸೈಟಿನ ಮೂರೂ ರಾತ್ರಿಗಳನ್ನು ಯಾರೋ ತೆಗೆದುಕೊಂಡಾಗಿತ್ತು.