ಕೈ ಕುದುರಿದ ವೆಲ್ಡರ್ ಯಾಕೆ ಬರುವುದಿಲ್ಲ: ಕಾರವಾರದ ವರ್ಕ್‌ಶಾಪಿನ ಅನುಭವ

‘ವೆಲ್ಡರ್ ಬೇಕಾಗಿದ್ದಾರೆ. ಅನುಭವ ಇದ್ದವರಿಗೆ ಆದ್ಯತೆ. ಆಕರ್ಷಕ ಸಂಬಳ.’ ನಮ್ಮ ಬೋರ್ಡಿನಲ್ಲೂ ಮೊದಲು ಇದೇ ಮೂರು ಸಾಲು ಇತ್ತು. ಇಂಥ ಬೋರ್ಡ್ ನೋಡಿ ಬರುವವರು ಎರಡೇ ಥರ. ವೆಲ್ಡಿಂಗ್ ಹೋಲ್ಡರ್ ಹಿಡಿದು ಆರು ತಿಂಗಳಾದ ಹುಡುಗರು, ಇಲ್ಲವೇ ಎಲ್ಲಿಯೂ ಮೂರು ತಿಂಗಳು ನಿಲ್ಲದವರು. ಕೈ ಕುದುರಿದವನು ಓದಿ ಮುಂದೆ ಹೋಗುತ್ತಾನೆ. ಅವನಿಗೆ ಈಗಾಗಲೇ ಕೆಲಸ ಇದೆ. ಅದನ್ನು ಬಿಟ್ಟು ಬರಲು ಬೇಕಾದ ಲೆಕ್ಕ ಆ ಬೋರ್ಡಿನಲ್ಲಿ ಇಲ್ಲ.

ಕಾರವಾರದಲ್ಲಿ ಆ ಲೆಕ್ಕ ಸ್ವಲ್ಪ ಕಠಿಣವೇ. ಒಂದು ಕಡೆ ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ 700 ಮೆಗಾವ್ಯಾಟಿನ 5 ಮತ್ತು 6ನೇ ಘಟಕಗಳ ಕಾಮಗಾರಿ, ಇನ್ನೊಂದು ಕಡೆ ಸೀಬರ್ಡ್ ನೌಕಾನೆಲೆಯ ಗುತ್ತಿಗೆ ಕೆಲಸ. ಉತ್ತರಕ್ಕೆ ಹೊರಟರೆ ಸುಮಾರು 70 ಕಿಲೋಮೀಟರಿಗೆ ಮಡಗಾಂವ್, ಅಲ್ಲಿಂದ ವೆರ್ಣಾದ ಕಾರ್ಖಾನೆಗಳು. ಅವರು ಕೊಡುವ ಪಗಾರವನ್ನು ಎಂಟು ಜನರ ವರ್ಕ್‌ಶಾಪ್ ಕೊಡಲಾಗದು, ಪೈಪೋಟಿಗೆ ಹೋಗುವುದೂ ಬೇಡ. ಆದರೆ ಗುತ್ತಿಗೆ ಕೆಲಸ ಒಂದು ದಿನ ಮುಗಿಯುತ್ತದೆ, ಗೋವಾದಲ್ಲಿ ಖೋಲಿ ಬಾಡಿಗೆ ಮತ್ತು ಊಟಕ್ಕೇ ಪಗಾರದ ದೊಡ್ಡ ಪಾಲು ಹೋಗುತ್ತದೆ. ರಾತ್ರಿ ಮನೆ ಸೇರುವುದು, ಹನ್ನೆರಡೂ ತಿಂಗಳು ಕೆಲಸ, ಚೌತಿಗೆ ಪೂರ್ತಿ ರಜೆ: ಇವು ನಮ್ಮ ಕೈಯಲ್ಲಿವೆ. ಬೋರ್ಡಿನ ಮೇಲೆ ಬರೆಯದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಈಗ ನಾವು ಹಾಕುವುದು ಹೀಗೆ: ‘ಎಂಎಸ್, ಎಸ್‌ಎಸ್ ಕೆಲಸ. ಆರ್ಕ್ ಬರಲೇಬೇಕು, ಟಿಗ್ ಬಂದರೆ ತಿಂಗಳಿಗೆ 3,000 ಹೆಚ್ಚು. ಕೈಗೆ ಸಿಗುವ ಪಗಾರ 24,000, ಪಿಎಫ್ ಇದೆ. ಬೆಳಿಗ್ಗೆ 9ರಿಂದ ಸಂಜೆ 6, ಓಟಿ ಡಬಲ್, ಭಾನುವಾರ ರಜೆ. ಹೊರ ಊರಿನವರಿಗೆ ಖೋಲಿ, ಇಬ್ಬರಿಗೆ ಒಂದು. ಟೆಸ್ಟ್ ಅರ್ಧ ದಿನ, ಅದಕ್ಕೆ 500 ರೂಪಾಯಿ. ಫೋನ್ ಸಂಜೆ 7ರ ನಂತರ.’ ಎಂಎಸ್ ಎಂದರೆ ಸಾದಾ ಉಕ್ಕು, ಎಸ್‌ಎಸ್ ಸ್ಟೇನ್‌ಲೆಸ್ ಸ್ಟೀಲ್. ಆರ್ಕ್ ಎಂದರೆ ರಾಡ್ ಸುಟ್ಟು ಮಾಡುವ ವೆಲ್ಡಿಂಗ್, ಟಿಗ್ ಆರ್ಗಾನ್ ಅನಿಲ ಬಿಟ್ಟು ಮಾಡುವುದು. ಬೋರ್ಡಿನ ಕೊನೆಯ ಸಾಲು ಸುಮ್ಮನೆ ಬರೆದದ್ದಲ್ಲ. ಬೇರೆಯವರ ಶೆಡ್ಡಿನಲ್ಲಿ ದುಡಿಯುತ್ತಿರುವವನು ಮಾಲೀಕರ ಎದುರು ನಮ್ಮ ಹತ್ತಿರ ಮಾತಾಡಲಾರ.

‘ಕೈಗೆ ಸಿಗುವ’ ಎಂಬ ಮಾತಿಗೆ ತೂಕ ಇದೆ. 24,000 ಕೈಗೆ ಬರಬೇಕೆಂದರೆ ಒಟ್ಟು ಪಗಾರ 26,000 ಇಡಬೇಕು. ಪಿಎಫ್‌ಗೆ 15,000ದ ಮಿತಿಯ ಮೇಲೆ ಶೇ. 12, ಅಂದರೆ 1,800 ಹೋಗುತ್ತದೆ. 25,000 ಮುಟ್ಟಿದ ಪಗಾರಕ್ಕೆ ವೃತ್ತಿ ತೆರಿಗೆ 200. ಪಿಎಫ್‌ಗೆ ಮಾಲೀಕರ ಪಾಲು ಆಡಳಿತ ಶುಲ್ಕ, ವಿಮೆ ಸೇರಿ ಅದೇ 15,000ಕ್ಕೆ ಶೇ. 13, ಅಂದರೆ 1,950. ಹೀಗೆ ಒಬ್ಬರ ಮೇಲೆ ನಮ್ಮ ಖರ್ಚು 27,950. ಮೊದಲು ‘24,000’ ಎಂದು ಹೇಳಿ 22,200 ಕೈಗಿಟ್ಟರೆ ಎರಡನೇ ತಿಂಗಳೇ ಅವನು ಬೇರೆ ಕಡೆ ಫೋನ್ ಮಾಡುತ್ತಿರುತ್ತಾನೆ. ಪಿಎಫ್ ಕಡ್ಡಾಯವಾಗುವುದು 20 ಜನರಾದ ಮೇಲೆ, ಆದರೆ ಅದಕ್ಕಿಂತ ಕಡಿಮೆ ಇದ್ದರೂ ಸ್ವಇಚ್ಛೆಯಿಂದ ನೋಂದಾಯಿಸಿಕೊಳ್ಳಬಹುದು. ಪಗಾರ 21,000 ದಾಟಿದವರು ಇಎಸ್‌ಐ, ಅಂದರೆ ಸರ್ಕಾರದ ಕಾರ್ಮಿಕ ವಿಮೆಯ ಒಳಗೆ ಬರುವುದಿಲ್ಲ. ಟ್ರಸ್ (ಚಾವಣಿಯ ಉಕ್ಕಿನ ಚೌಕಟ್ಟು) ಮೇಲೆ ಹತ್ತುವವರಿಗೆ ಅಪಘಾತ ವಿಮೆಯನ್ನು ನಾವೇ ಮಾಡಿಸಬೇಕು. ಇದನ್ನು ಕೇಳುವುದು ವೆಲ್ಡರನಲ್ಲ, ಅವನ ಮನೆಯವರು.

ಬೋರ್ಡ್ ಹಾಕುವ ಜಾಗ: ರಾಡ್, ಕಟಿಂಗ್ ವೀಲ್, ಆರ್ಗಾನ್ ಸಿಲಿಂಡರ್ ಮಾರುವ ಅಂಗಡಿ. ಕೆಲಸ ಗೊತ್ತಿರುವವರು ವಾರಕ್ಕೊಮ್ಮೆ ಅಲ್ಲಿ ಬಂದೇ ಬರುತ್ತಾರೆ. ಬಾಯಿಮಾತಿನಲ್ಲಿ ಕೊಂಕಣಿಯಲ್ಲೂ ಹೇಳಿಸುತ್ತೇವೆ. ಜೂನ್, ಜುಲೈನಲ್ಲಿ ಹುಡುಕಿ ಪ್ರಯೋಜನವಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೈತಖೋಲ ಬಂದರಿನಿಂದ ತದಡಿ ಬಂದರಿನವರೆಗೆ ಬೋಟುಗಳ ರಿಪೇರಿ ನಡೆಯುವುದು ಆಗಲೇ, ಒಳ್ಳೆ ಕೈಗಳೆಲ್ಲ ದಿನಗೂಲಿಯ ಮೇಲೆ ಅಲ್ಲಿರುತ್ತವೆ.

ಫೋನ್ ಬಂದ ಮೂರು ದಿನದೊಳಗೆ ಟೆಸ್ಟ್, ಟೆಸ್ಟಿನ ಸಂಜೆಯೇ ಉತ್ತರ. ‘ನೋಡಿ ಹೇಳ್ತೇವೆ’ ಎಂದು ಹತ್ತು ದಿನ ಕಾಯಿಸಿದರೆ ಅವನು ಆಗಲೇ ಮಡಗಾಂವ್ ರೈಲಿನಲ್ಲಿ.

ಟೆಸ್ಟಿಗೆ 10 ಮಿಲಿಮೀಟರ್ ದಪ್ಪ, 150 ಮಿಲಿಮೀಟರ್ ಉದ್ದದ ಎರಡು ಎಂಎಸ್ ಪ್ಲೇಟು. ಅಂಚಿಗೆ 30 ಡಿಗ್ರಿ ಇಳಿಜಾರು, ಕೆಳಗೆ ಇಳಿಜಾರಿಲ್ಲದ ಒಂದೂವರೆ ಮಿಲಿಮೀಟರ್ ಮುಖ, ನಡುವೆ 2.5 ಮಿಲಿಮೀಟರ್ ಸಂದು. ಪ್ಲೇಟನ್ನು ನೆಟ್ಟಗೆ ನಿಲ್ಲಿಸಿ ಕೆಳಗಿಂದ ಮೇಲಕ್ಕೆ ಹೊಡೆಯಲು ಹೇಳುತ್ತೇವೆ. ಮಲಗಿಸಿದ ಪ್ಲೇಟಿನ ಮೇಲೆ ಯಾರ ಬೀಡ್ (ಬೆಸುಗೆಯ ಗೆರೆ) ಆದರೂ ಚಂದವೇ ಕಾಣುತ್ತದೆ. ಬೆಸುಗೆಯ ಮೊದಲ ಸುತ್ತು ಹಾಕಲು 2.5 ಮಿಲಿಮೀಟರ್ ರಾಡ್ 70–80 ಆಂಪಿಯರ್, ಮೇಲಿನ ಸುತ್ತುಗಳಿಗೆ 3.15ರದು 100–110ರ ಆಸುಪಾಸು. ಇಷ್ಟನ್ನು ನಾವು ಹೇಳಿಕೊಡುವುದಿಲ್ಲ. ನೋಡಬೇಕಾದ್ದು ಮೊದಲ ಐದು ನಿಮಿಷ. ಗೊತ್ತಿದ್ದವನು ಅರ್ಥ್ ಕ್ಲ್ಯಾಂಪ್ ಬಿಗಿಯಾಗಿದೆಯೇ ಎಂದು ಅಲ್ಲಾಡಿಸಿ ನೋಡುತ್ತಾನೆ, ಸಂದಿನ ತುಕ್ಕನ್ನು ಗ್ರೈಂಡರಿನಿಂದ ತೆಗೆಯುತ್ತಾನೆ, ಬೇರೆ ತುಂಡಿನ ಮೇಲೆ ಒಂದು ರಾಡ್ ಸುಟ್ಟು ಕರೆಂಟ್ ಹೊಂದಿಸುತ್ತಾನೆ. ಗೊತ್ತಿಲ್ಲದವನು ಸೀದಾ ಹೊಡೆಯುತ್ತಾನೆ.

ಆರಿದ ಮೇಲೆ ಬೆಸುಗೆಗೆ ಹ್ಯಾಕ್ಸಾದಿಂದ ಗೀರು ಹಾಕಿ, ವೈಸಿಗೆ ಕಚ್ಚಿಸಿ ಸುತ್ತಿಗೆಯಿಂದ ಮುರಿಯುತ್ತೇವೆ. ಒಳಗೆ ಕಪ್ಪು ಗೆರೆ ಕಂಡರೆ ಸ್ಲ್ಯಾಗ್ (ಬೆಸುಗೆಯ ಮೇಲೆ ಕಟ್ಟುವ ಕಿಟ್ಟ) ಸಿಕ್ಕಿಕೊಂಡಿದೆ: ಒಂದು ಸುತ್ತಿನ ನಂತರ ಅದನ್ನು ಸರಿಯಾಗಿ ಚಿಪ್ ಮಾಡಿ ತೆಗೆದಿಲ್ಲ. ಸಣ್ಣ ಸಣ್ಣ ತೂತು ಕಂಡರೆ ಅವನನ್ನು ಬೈಯುವ ಮೊದಲು ನಮ್ಮ ರಾಡ್ ಪ್ಯಾಕೆಟ್ ನೋಡಬೇಕು. ಇಲ್ಲಿನ ಮಳೆಗಾಲದಲ್ಲಿ ತೆರೆದಿಟ್ಟ ರಾಡ್ ತೇವ ಎಳೆದುಕೊಳ್ಳುತ್ತದೆ. 7018 ನಂಬರಿನ ರಾಡ್ ಆದರೆ 300 ಡಿಗ್ರಿಗಿಂತ ಮೇಲೆ ಒಂದೆರಡು ಗಂಟೆ ಓವನ್ನಿನಲ್ಲಿಡಬೇಕು, 6013 ನಂಬರಿನದಕ್ಕೆ ನೂರು ಡಿಗ್ರಿಯ ಆಸುಪಾಸು ಸಾಕು. ಟೆಸ್ಟಿಗೆ ಬಂದವನು ಕೂಡ ನಮ್ಮ ಟೆಸ್ಟ್ ಮಾಡುತ್ತಿರುತ್ತಾನೆ. ಓವನ್ ಇಲ್ಲ, ಕೇಬಲ್ಲಿಗೆ ನಾಲ್ಕು ಕಡೆ ಟೇಪ್, ಸಂಜೆಯಾದರೆ ಮಷೀನಿಗೆ ವೋಲ್ಟೇಜ್ ಸಾಲದು. ಇಷ್ಟು ಕಂಡರೆ 500 ರೂಪಾಯಿ ತೆಗೆದುಕೊಂಡು ‘ನಾಳೆ ಹೇಳ್ತೇನೆ’ ಎನ್ನುವವನು ಅವನೇ.

ಬಂದವನು ಹೋಗುವುದಕ್ಕೆ ಹೆಚ್ಚಾಗಿ ಎರಡು ಕಾರಣ. ವೆಲ್ಡರ್ ಎಂದು ಕರೆದು ಇಡೀ ದಿನ ಆಂಗಲ್ ಹೊರಿಸಿ ಗ್ರೈಂಡಿಂಗ್ ಮಾಡಿಸುವುದು ಒಂದು. ಇಬ್ಬರು ವೆಲ್ಡರಿಗೆ ಒಬ್ಬ ಹೆಲ್ಪರ್ ಇರಲೇಬೇಕು. ಇನ್ನೊಂದು ದೊಡ್ಡ ಅಡ್ವಾನ್ಸ್. 50,000 ಕೊಟ್ಟು ಕಟ್ಟಿಹಾಕಿದ್ದೇವೆ ಎಂದುಕೊಂಡರೆ, ಪ್ರತಿ ತಿಂಗಳ ಕಡಿತಕ್ಕೆ ಬೇಸತ್ತು ಒಂದು ಸೋಮವಾರ ಫೋನೇ ಎತ್ತುವುದಿಲ್ಲ. ಒಂದು ತಿಂಗಳ ಪಗಾರಕ್ಕಿಂತ ಹೆಚ್ಚು ಅಡ್ವಾನ್ಸ್ ಈಗ ಕೊಡುವುದಿಲ್ಲ.

ಐಟಿಐ ಮುಗಿಸಿದ ಹುಡುಗರನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುವುದು ನಿಧಾನದ ದಾರಿ, ಆದರೂ ಬಿಡಬಾರದು. 1961ರ ಅಪ್ರೆಂಟಿಸ್ ಕಾಯ್ದೆಯಂತೆ 30 ಜನರಿದ್ದ ಕಡೆ ಇದು ಕಡ್ಡಾಯ, 4ರಿಂದ 29 ಜನರಿದ್ದರೆ ಇಷ್ಟ. 2016ರಲ್ಲಿ ಬಂದ ರಾಷ್ಟ್ರೀಯ ಯೋಜನೆಯಲ್ಲಿ ಸ್ಟೈಪೆಂಡಿನ ಶೇ. 25, ಗರಿಷ್ಠ 1,500 ರೂಪಾಯಿ ಸರ್ಕಾರ ಕೊಡುತ್ತದೆ. ವೆಲ್ಡರ್ ಟ್ರೇಡ್ ಒಂದೇ ವರ್ಷದ್ದು. ಹಾಗಾಗಿ ನೆಟ್ಟಗಿನ ಬೆಸುಗೆ ಕೈಗೆ ಹತ್ತಲು ನಮ್ಮಲ್ಲಿ ಇನ್ನೊಂದು ವರ್ಷ ಬೇಕು. ಕಲಿತ ಮೇಲೆ ಹಲವರು ಗೋವಾಕ್ಕೆ ಹೋಗುತ್ತಾರೆ. ಹೋಗುವ ದಿನವೇ ಬಾಕಿ ಪಗಾರ ಚುಕ್ತಾ ಮಾಡಿ, ನಂಬರ್ ಬರೆದಿಟ್ಟುಕೊಳ್ಳುತ್ತೇವೆ. ಚೌತಿಗೆ ಎಲ್ಲರೂ ಊರಿಗೆ ಬರುತ್ತಾರಲ್ಲ, ಆ ವಾರ ಆ ಪುಸ್ತಕ ತೆಗೆದು ಒಬ್ಬೊಬ್ಬರಿಗೂ ಫೋನ್ ಮಾಡುತ್ತೇವೆ.