‘ನಿಲ್’ ಎಂದು ಬರೆದಿದ್ದ ತಾಯಿ ಕಾರ್ಡು

ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ವೈದ್ಯೆಯಾಗಿ ಸೇರಿದ ಹೊಸದರಲ್ಲಿ, ಬಸುರಿಯ ತಪಾಸಣೆಗಳನ್ನು ಬರೆದಿಡುವ ತಾಯಿ ಕಾರ್ಡಿನಲ್ಲಿ ಮೂತ್ರದ ಪ್ರೋಟೀನ್ ಎದುರು ‘ನಿಲ್’ (ಇಲ್ಲ) ಎಂದಿದ್ದರೆ, ಗರ್ಭನಂಜು (ಬಸಿರಿನಲ್ಲಿ ಬಿ.ಪಿ. ಏರಿ ಅಂಗಗಳಿಗೆ ಪೆಟ್ಟು ಕೊಡುವ ಕಾಯಿಲೆ) ಇಲ್ಲವೆಂದು ನಿಶ್ಚಿಂತಳಾಗಿ ಮುಂದಿನವರನ್ನು ಕರೆಯುತ್ತಿದ್ದೆ. ಆ ನಿಶ್ಚಿಂತೆ ಕಳೆದದ್ದು 34 ವಾರ ತುಂಬಿದ್ದ ಚೊಚ್ಚಲ ಬಸುರಿಯೊಬ್ಬರಿಂದ. ಬಿ.ಪಿ. 150/100 ಇತ್ತು, ಎರಡು ದಿನದಿಂದ ತಲೆನೋವಿತ್ತು, ಮೂತ್ರದಲ್ಲಿ ಮಾತ್ರ ಪ್ರೋಟೀನ್ ಇರಲಿಲ್ಲ. ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಕಳುಹಿಸಿದೆನಾದರೂ ಚೀಟಿಯಲ್ಲಿ ‘ತುರ್ತು’ ಎಂದು ಬರೆಯಲಿಲ್ಲ. ಅಲ್ಲಿ ನೋಡಿದಾಗ ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್ ಸಂಖ್ಯೆ ಒಂದು ಲಕ್ಷಕ್ಕಿಂತ ಕೆಳಗಿಳಿದಿತ್ತು. ತಾಯಿ, ಮಗು ಇಬ್ಬರೂ ಉಳಿದರು. ಅದರಲ್ಲಿ ನನ್ನ ಚೀಟಿಯ ಪಾಲೇನೂ ಇಲ್ಲ.

ಆಮೇಲೆ ವಿಚಾರಿಸಿದಾಗ ತಿಳಿದದ್ದು: ಮೂತ್ರ ಬರುತ್ತಿಲ್ಲವೆಂದಾಗ ನಮ್ಮ ಸಿಬ್ಬಂದಿಯೇ ಅವರಿಗೆ ಒಂದು ತಂಬಿಗೆ ನೀರು ಕುಡಿಸಿದ್ದರು. ಮೂತ್ರ ಪರೀಕ್ಷೆಯ ಪಟ್ಟಿ, ಅಂದರೆ ಸ್ಟ್ರಿಪ್, ಹಳದಿಯಿಂದ ಹಸಿರಾಗುವುದು ಆ ಹನಿಯಲ್ಲಿರುವ ಅಲ್ಬುಮಿನ್ ಎಂಬ ಪ್ರೋಟೀನ್ ಎಷ್ಟು ಗಾಢವಾಗಿದೆ ಎಂಬುದರ ಮೇಲೆ. ಆ ಬಣ್ಣವನ್ನು ಪ್ಲಸ್‌ಗಳಲ್ಲಿ ಎಣಿಸುತ್ತೇವೆ, ಒಂದು ಪ್ಲಸ್ ಎಂದರೆ 100 ಮಿ.ಲೀ.ಗೆ ಸುಮಾರು 30 ಮಿ.ಗ್ರಾಂ. ನೀರು ಹೆಚ್ಚಾದರೆ ಇರುವ ಪ್ರೋಟೀನೂ ಕಾಣದು, ಬಿಳಿ ಸೆರಗು ಬೆರೆತರೆ ಇಲ್ಲದ ಪ್ರೋಟೀನೂ ಕಾಣುತ್ತದೆ. ಆದ್ದರಿಂದ ಮೊದಲ ಧಾರೆ ಬಿಟ್ಟು ಮಧ್ಯದ ಮೂತ್ರ ಹಿಡಿಯಲು ಹೇಳಿಕೊಡತೊಡಗಿದೆವು. ಸ್ಟ್ರಿಪ್ ಡಬ್ಬಿಯ ಮುಚ್ಚಳವನ್ನು ಕೂಡಲೇ ಬಿಗಿದು, ಡಬ್ಬಿಯ ಮೇಲೆ ಹೇಳಿದಷ್ಟೇ ಸೆಕೆಂಡು ಕಾದು ಬಣ್ಣ ಹೋಲಿಸುತ್ತೇವೆ. ಅನುಮಾನ ಬಂದರೆ ಹಳೆಯ ವಿಧಾನವಿದೆ: ಗಾಜಿನ ಪ್ರನಾಳದಲ್ಲಿ ಮೂತ್ರ ಹಾಕಿ ಅದರ ಮೇಲ್ಭಾಗವನ್ನು ಕಾಯಿಸಿ, ಮಬ್ಬು ಕಂಡರೆ ಅಸಿಟಿಕ್ ಆಮ್ಲದ ಕೆಲವು ಹನಿ ಹಾಕುವುದು, ಮಬ್ಬು ಕರಗಿದರೆ ಅದು ಫಾಸ್ಫೇಟ್ ಎಂಬ ಲವಣ, ಉಳಿದರೆ ಪ್ರೋಟೀನ್. ನಿಖರವಾಗಿ ತಿಳಿಯಬೇಕಾದಾಗ ಮಾದರಿಯನ್ನು ಪ್ರೋಟೀನ್-ಕ್ರಿಯಾಟಿನಿನ್ ಅನುಪಾತಕ್ಕೆ (ಮೂತ್ರದಲ್ಲಿ ಹೊರಹೋಗುವ ಕ್ರಿಯಾಟಿನಿನ್ ಎಂಬ ತ್ಯಾಜ್ಯಕ್ಕೆ ಪ್ರೋಟೀನನ್ನು ಹೋಲಿಸುವ ಲೆಕ್ಕ) ಕಳುಹಿಸುತ್ತೇವೆ, ಅದು 0.3 ಮುಟ್ಟಿದರೆ ಅಸಹಜ.

ಇಷ್ಟೆಲ್ಲ ಶುದ್ಧಿ ಮಾಡಿಕೊಂಡರೂ ಸ್ಟ್ರಿಪ್ ಮುಂದಾಗುವುದನ್ನು ಹೇಳುವ ಜೋಯಿಸನಲ್ಲ. 2013ರಲ್ಲಿ ಅಮೆರಿಕದ ಪ್ರಸೂತಿ ತಜ್ಞರ ಸಂಘವು ಗರ್ಭನಂಜನ್ನು ಗುರುತಿಸಲು ಮೂತ್ರದಲ್ಲಿ ಪ್ರೋಟೀನ್ ಇರಲೇಬೇಕೆಂಬ ಷರತ್ತನ್ನು ಕೈಬಿಟ್ಟಿತು. 20 ವಾರದ ನಂತರ ಏರಿದ ಬಿ.ಪಿ.ಯೊಡನೆ ಪ್ಲೇಟ್‌ಲೆಟ್ ಕುಸಿತವೋ ಯಕೃತ್ತು, ಮೂತ್ರಪಿಂಡಗಳ ಏರುಪೇರೋ ಇದ್ದರೂ ಸಾಕು. ಹೆಚ್ಚು ಪ್ಲಸ್ ಇದ್ದವರಿಗೇ ಹೆಚ್ಚು ಅಪಾಯವೆಂದೂ ಹೇಳಲಾಗದು. ನನ್ನ ಮಟ್ಟಿಗೆ ಮುನ್ಸೂಚನೆ ಸಿಗುವುದು ಮೊದಲ ಭೇಟಿಯಲ್ಲೇ, ಹಿಂದಿನ ಬಸಿರಿನಲ್ಲಿ ಬಿ.ಪಿ. ಏರಿತ್ತೇ, ಅವಳಿಯೇ, ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿದಾಗ. ಅಂಥವರಿಗೆ ತಜ್ಞರ ಸಲಹೆಯಂತೆ 16 ವಾರದೊಳಗೆ ಕಡಿಮೆ ಪ್ರಮಾಣದ ಆಸ್ಪಿರಿನ್ ಶುರುವಾಗುತ್ತದೆ.

ಈಗ ಬಿ.ಪಿ. ನೋಡುವ ಮುನ್ನ ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕೂರಿಸುತ್ತೇವೆ. ಆ ಹೊತ್ತಿನಲ್ಲೇ ನಮ್ಮ ನರ್ಸ್ ಕೇಳುತ್ತಾರೆ: “ತಲಿ ನೋಯತೈತೇನವ್ವಾ? ಕಣ್ಣು ಮಂಜಾಗತೈತೇನು?” ಹೌದೆಂದರೆ, ಬಿ.ಪಿ.ಯೂ ಏರಿದ್ದರೆ, ಸ್ಟ್ರಿಪ್ ಏನೇ ಹೇಳಲಿ, ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ‘ತುರ್ತು’ ಎಂದು ಬರೆಯುತ್ತೇನೆ.