ಹಳೇ ಮ್ಯಾಪ್ ಕೊಳ್ಳೋ ಮುಂಚೆ ತಿರುಗಿಸಿ ನೋಡಿ

ನಮ್ಮ ಸ್ನೇಹಿತರೊಬ್ಬರು ಲಂಡನ್ನಿಂದ ಹದಿನೇಳನೇ ಶತಮಾನದ್ದು ಅಂತ ಏಷ್ಯಾ ಮ್ಯಾಪ್ ಒಂದನ್ನ ತಂದಿದ್ರು. ಚಿನ್ನದ ಬಣ್ಣದ ಫ್ರೇಮು, ಅಂಚೆಲ್ಲ ಕಂದುಗಟ್ಟಿತ್ತು. ಲೆನ್ಸ್ ಇಟ್ಟು ನೋಡಿದ್ರೆ ಬರೀ ಚುಕ್ಕಿ, ಅಂದ್ರೆ ಈಗಿನ ಕಾಲದ ಆಫ್‌ಸೆಟ್ ಪ್ರಿಂಟು, ಆ ಕಂದು ಬಣ್ಣ ಡಿಕಾಕ್ಷನ್‌ದು. ಇಂಥದ್ದು ನಾನು ನೋಡಿದ್ದು ಇದೇ ಮೊದಲಲ್ಲ, ಅದಕ್ಕೇ ಬರೀತಿದೀನಿ.

ಮೊದಲನೇದು, ಏನು ಬೇಕು ಅಂತ ತೀರ್ಮಾನ ಮಾಡ್ಕೊಳ್ಳಿ. ಶುರುವಲ್ಲೇ ವರ್ಲ್ಡ್ ಮ್ಯಾಪಿಗೆ ಕೈ ಹಾಕ್ಬೇಡಿ, ಎಲ್ಲರೂ ಅದನ್ನೇ ಕೇಳೋದು, ರೇಟು ಮುಟ್ಟೋಕಾಗಲ್ಲ. ನನ್ನ ಕೇಳಿದ್ರೆ ಮಲಬಾರ್ ಕರಾವಳಿ ಇರೋ ಮ್ಯಾಪ್ ಹುಡುಕಿ. ಹೊನ್ನಾವರ ‘ಓನೋರ್’ ಆಗಿರುತ್ತೆ, ಭಟ್ಕಳ ‘ಬಟಿಕಲಾ’, ಬಸರೂರು ‘ಬಾರ್ಸೆಲೋರ್’. ನಮ್ಮೂರು ಯಾರೋ ಡಚ್ಚರವನ ಕೈಲಿ ಏನಾಗಿದೆ ಅಂತ ನೋಡೋ ಮಜಾನೇ ಬೇರೆ.

ಎರಡನೇದು, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸೋ ಒಂದು ಲೆನ್ಸ್ ತಗೊಳ್ಳಿ. ಅಷ್ಟೇ.

ಮೂರನೇದು ಅಸಲಿ ಕೆಲಸ, ಎಲ್ಲರೂ ಎಡವೋದು ಇಲ್ಲೇ. ಫ್ರೇಮಿಂದ ಹೊರಗೆ ತೆಗೆಸಿ. ‘ತೆಗೆದ್ರೆ ಹಾಳಾಗುತ್ತೆ ಸಾರ್’ ಅಂತ ಅಂಗಡಿಯವನು ಅಂದ್ರೆ ನಮಸ್ಕಾರ ಹೇಳಿ ಎದ್ದು ಬನ್ನಿ. 1600-1700ರ ಕಾಲದ ಈ ಮ್ಯಾಪುಗಳಲ್ಲಿ ಹೆಚ್ಚಿನವು ತಾಮ್ರದ ತಗಡಲ್ಲಿ ಕೊರೆದು ಅಚ್ಚು ಹಾಕಿದ್ದು. ಗೆರೆಯೊಳಗೆ ಶಾಯಿ ತುಂಬಿ, ಮೇಲಿಂದು ಒರೆಸಿ, ಒದ್ದೆ ಕಾಗದ ಹಾಸಿ ಪ್ರೆಸ್ಸಲ್ಲಿ ಉರುಳಿಸ್ತಿದ್ರು. ಹಾಗಾಗಿ ಗೆರೆ ಕಾಗದದ ಮೇಲೆ ಸ್ವಲ್ಪ ಉಬ್ಬಿರುತ್ತೆ, ಸುತ್ತ ತಗಡಿನ ಅಂಚು ಒತ್ತಿದ ಚೌಕ ಗುರುತು ಬಿದ್ದಿರುತ್ತೆ. ಆ ಗುರುತನ್ನ ನಕಲಿಯಲ್ಲೂ ಒತ್ತುತಾರೆ, ಅದೊಂದನ್ನೇ ನಂಬ್ಬೇಡಿ. ಲೆನ್ಸಲ್ಲಿ ಗೆರೆ ಒಡೆದು ಚುಕ್ಕಿ ಚುಕ್ಕಿಯಾಗಿ ಕಂಡ್ರೆ ಅಲ್ಲಿಗೆ ಮುಗೀತು.

ಆಮೇಲೆ ಕಾಗದಾನ ಬೆಳಕಿಗೆ ಹಿಡಿರಿ. ಆ ಕಾಲದ ಕಾಗದದಲ್ಲಿ ಸಣ್ಣ ಸಣ್ಣ ಗೆರೆ ಒತ್ತೊತ್ತಾಗಿ, ಅವಕ್ಕೆ ಅಡ್ಡಲಾಗಿ ಒಂದು ಇಂಚಿಗೊಂದರ ಹಾಗೆ ದಪ್ಪ ಗೆರೆ ಕಾಣುತ್ತೆ, ಕಾಗದ ಮಾಡೋ ಜರಡಿಯ ತಂತಿ ಗುರುತು ಅದು. ಗೆರೆನೇ ಇಲ್ಲದ ನುಣುಪು ಕಾಗದ ಯುರೋಪಲ್ಲಿ ಬಂದಿದ್ದು 1750ರ ದಶಕದಲ್ಲಿ, ಬಳಕೆಗೆ ಬರೋಕೆ ಇನ್ನೂ ವರ್ಷಗಳು ಹಿಡೀತು. ನುಣುಪು ಕಾಗದದಲ್ಲಿ 1650 ಅಂತ ಹೇಳಿದ್ರೆ ನಗಬೇಕಷ್ಟೇ.

ಈಗ ತಿರುಗಿಸಿ. ಹಿಂದೆ ಅಕ್ಷರ ಇದ್ರೆ ಖುಷಿಪಡಿ, ಅಟ್ಲಾಸಿಂದ ಬಂದ ಹಾಳೆ ಅದು, ಮಧ್ಯದಲ್ಲಿ ಮಡಿಕೆನೂ ಇರುತ್ತೆ. ಹಸಿರು ಬಣ್ಣ ಇರೋ ಜಾಗದ ಬೆನ್ನು ನೋಡಿ. ಆಗಿನ ಹಸಿರು ತಾಮ್ರದ ಕಿಲುಬಿಂದ ಮಾಡಿದ್ದು, ಮುನ್ನೂರು ವರ್ಷದಲ್ಲಿ ಕಾಗದಾನೇ ತಿಂದು ಹಿಂದೆ ಕಂದಾಗಿ ಇಳಿದಿರುತ್ತೆ. ಮುಂದೆ ಹಸಿರು ಫಳಫಳ, ಹಿಂದೆ ಬೆಳ್ಳಗಿದ್ರೆ ಬಹುಪಾಲು ಬಣ್ಣ ಆಮೇಲೆ ಹಾಕಿದ್ದು. ಮೋಸ ಅಂತಲ್ಲ, ಆದ್ರೆ ‘ಆಗಿನ ಬಣ್ಣ’ ಅಂತ ಹೇಳಿ ರೇಟು ಏರಿಸೋದು ಮೋಸ. ನಾನಂತೂ ಬಣ್ಣ ಇಲ್ಲದ್ದೇ ಕೊಳ್ಳೋದು, ಗೆರೆ ಕೆತ್ತಿದವನ ಕೈ ಕಾಣೋದು ಅದರಲ್ಲೇ.

ನಾಲ್ಕನೇದು, ಯಾರದ್ದು, ಯಾವಾಗಿಂದು. ಮ್ಯಾಪ್ ಮೇಲಿರೋ ಹೆಸರೂ ಇಸವಿಯೂ ಎರಡೂ ದಾರಿ ತಪ್ಪಿಸ್ತವೆ. ಆರ್ಟೇಲಿಯಸ್ ಅನ್ನೋ ಮ್ಯಾಪ್ ತಯಾರಕ ಆಂಟ್‌ವರ್ಪಲ್ಲಿ ಅಟ್ಲಾಸ್ ತಂದಿದ್ದು 1570ರಲ್ಲಿ, ಆದ್ರೆ ಅದು 1612ರ ತನಕ ಮತ್ತೆ ಮತ್ತೆ ಅಚ್ಚಾಯ್ತು, ಲ್ಯಾಟಿನ್ನು, ಜರ್ಮನ್ನು, ಸ್ಪ್ಯಾನಿಷ್ಷು, 1606ರಲ್ಲಿ ಇಂಗ್ಲಿಷು, ಹಿಂದಿರೋ ಭಾಷೆ ನೋಡಿದ್ರೇನೇ ಯಾವ ಅಚ್ಚು ಅಂತ ಸುಳಿವು ಸಿಗೋದು. ಇನ್ನೊಬ್ಬ ಮ್ಯಾಪ್ ತಯಾರಕ ಮರ್ಕೇಟರ್ ತೀರಿಕೊಂಡಿದ್ದು 1594ರಲ್ಲಿ, ಹತ್ತು ವರ್ಷ ಆದ್ಮೇಲೆ ಅವನ ತಗಡುಗಳನ್ನ ಹೋಂಡಿಯಸ್ ಅನ್ನೋ ಪ್ರಕಾಶಕ ಕೊಂಡ್ಕೊಂಡ. ಆ ಹೋಂಡಿಯಸ್ ಮಗನೂ ಹೋದ್ಮೇಲೆ 1629ರಲ್ಲಿ ಆ ಮಗನ ತಗಡುಗಳಲ್ಲಿ ಮೂವತ್ತಕ್ಕೂ ಹೆಚ್ಚು ಆಮ್‌ಸ್ಟರ್‌ಡ್ಯಾಮಿನ ಪ್ರಕಾಶಕ ಬ್ಲಾವ್ ಕೈಗೆ ಹೋದ್ವು, ಬ್ಲಾವ್ ಸಾಹೇಬ್ರು ಹಳೇ ಹೆಸರು ಅಳಿಸಿ ತಮ್ಮದು ಕೆತ್ತಿಸಿದ್ರು! ಆಗೇನು ಕಾಪಿರೈಟಾ. ಡೇವಿಡ್ ರಮ್ಸಿ ಅನ್ನೋರ ಹಳೇ ಮ್ಯಾಪುಗಳ ಸಂಗ್ರಹ ಆನ್‌ಲೈನಲ್ಲಿ ಫ್ರೀಯಾಗಿದೆ, ಅಲ್ಲಿನ ಮ್ಯಾಪ್ ಜೊತೆ ಪಕ್ಕಪಕ್ಕ ಇಟ್ಟು ನೋಡಿ.

ಐದನೇದು, ಬಿಲ್ ಮತ್ತೆ ಹಿಂದಿನ ಮಾಲೀಕರ ವಿವರ. 2005ರಲ್ಲಿ ಯೇಲ್ ಯೂನಿವರ್ಸಿಟಿ ಲೈಬ್ರರಿಯಲ್ಲಿ ನೆಲದ ಮೇಲೆ ಬಿದ್ದಿದ್ದ ಬ್ಲೇಡಿಂದ ಹೆಸರುವಾಸಿ ಡೀಲರ್ ಒಬ್ಬ ಸಿಕ್ಕಿಬಿದ್ದ, ಕೊನೆಗೆ 97 ಮ್ಯಾಪ್ ಕದ್ದಿದ್ದೀನಿ ಅಂತ ಒಪ್ಕೊಂಡ. ಅವನ ಹತ್ರ ಕೊಂಡವರು ಗೊತ್ತಿಲ್ಲದೇನೇ ಕದ್ದ ಮಾಲು ಗೋಡೆಗೆ ಹಾಕ್ಕೊಂಡಿದ್ರು.

ಕೊನೇದು ಫ್ರೇಮು. ಲ್ಯಾಮಿನೇಷನ್ ಮಾಡಿಸಿದವರನ್ನ ಕಣ್ಣಾರೆ ನೋಡಿದೀನಿ, ಏನು ಹೇಳಲಿ. ಸೆಲ್ಲೋಟೇಪ್ ಬೇಡ, ಫೆವಿಕಾಲ್ ಬೇಡ. ಬೈಂಡಿಂಗ್ ಅಂಗಡಿಯ ಮೈದಾ ಗೋಂದಂತೂ ಬೇಡವೇ ಬೇಡ, ಹುಳ ಬರದಿರಲಿ ಅಂತ ಅದಕ್ಕೆ ಮೈಲುತುತ್ತು ಬೆರೆಸ್ತಾರೆ, ಅದೂ ತಾಮ್ರದ್ದೇ. ಆಸಿಡ್ ಇಲ್ಲದ ಬೋರ್ಡಿಗೆ ಜಪಾನೀಸ್ ಕಾಗದದ ಎರಡು ಸಣ್ಣ ಪಟ್ಟಿ, ಬರೀ ಗೋಧಿ ಪಿಷ್ಟದ ಗಂಜಿ ಹಾಕಿ ಮೇಲಿನ ಅಂಚು ಮಾತ್ರ ಅಂಟಿಸಿ, ಕೆಳಗೆ ಬಿಡಿ, ಮಳೆಗಾಲದಲ್ಲಿ ಕಾಗದ ಹಿಗ್ಗೋಕೆ ಜಾಗ ಬೇಕಲ್ಲ. ಗಾಜು ಮ್ಯಾಪಿಗೆ ತಾಗಬಾರದು. ಆಮೇಲೆ ಹಾಲ್‌ನಲ್ಲಿ ಕಿಟಕಿ ಎದುರು ನೇತು ಹಾಕ್ಬೇಡಿ, ಬಿಸಿಲೇ ಬೀಳದ ಪ್ಯಾಸೇಜಲ್ಲಿ ಹಾಕಿ, ಬಂದವರಿಗೆ ಕಾಣದಿದ್ರೂ ಪರವಾಗಿಲ್ಲ.